ಊರು ಬದಲಿಸುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲಸದ ಸಲುವಾಗಿ ಹೊಸ ನಗರಕ್ಕೆ ಹೋಗಿ ನೆಲೆಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ದೊಡ್ಡ ನಗರವೊಂದರಲ್ಲಿ ಈಗಿನದಕ್ಕಿಂತ ಶೇ 35ರಷ್ಟು ಹೆಚ್ಚು ಸಂಬಳದ ಕೆಲಸ ಸಿಕ್ಕಿದೆ. ಅಲ್ಲಿ ಎಲ್ಲವೂ ದುಬಾರಿ ಎನ್ನುತ್ತಾರೆ. ಹೋದರೆ ಲಾಭವೋ ನಷ್ಟವೋ ತಿಳಿಯುವುದು ಹೇಗೆ?

ಉತ್ತರ: ಎರಡು ಸಂಬಳಗಳನ್ನು ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಪಕ್ಕಪಕ್ಕ ಇಡಬೇಕು. ಈಗ ತೆರಿಗೆ ಕಳೆದು ಕೈಗೆ ಬರುವ ಸಂಬಳವನ್ನು 100 ಎಂದುಕೊಳ್ಳಿ. ಬಾಡಿಗೆ 25, ಓಡಾಟ 6, ಮನೆ ಖರ್ಚು 30, ಮಕ್ಕಳ ಶಾಲೆ ಮತ್ತು ಆರೈಕೆ 12 ಎಂದರೆ ಒಟ್ಟು 73. ಉಳಿಯುವುದು 27.

ಈಗ ಹೊಸ ನಗರದ ಲೆಕ್ಕ. ಸಂಬಳ ಶೇ 35ರಷ್ಟು ಏರಿದರೂ ತೆರಿಗೆಯ ದರ ಆದಾಯದ ಜೊತೆಗೇ ಏರುವ ಕಡೆ ಕೈಗೆ ಬರುವುದು ಅಷ್ಟೇ ಏರುವುದಿಲ್ಲ, 126 ಎಂದಿಟ್ಟುಕೊಳ್ಳೋಣ. ಬಾಡಿಗೆ 42, ಓಡಾಟ 10, ಮನೆ ಖರ್ಚು 34, ಮಕ್ಕಳಿಗೆ 18 ಆದರೆ ಒಟ್ಟು 104, ಉಳಿಯುವುದು 22. ಸಂಬಳ ಏರಿತು, ಉಳಿತಾಯ ಇಳಿಯಿತು. ಇವು ಉದಾಹರಣೆಗೆ ಕೊಟ್ಟ ಅಂಕಿಗಳು, ಆ ಜಾಗದಲ್ಲಿ ನಿಮ್ಮವನ್ನು ತುಂಬಿ. ಹೆಚ್ಚಿನವರ ಲೆಕ್ಕದಲ್ಲಿ ಫಲಿತಾಂಶವನ್ನು ತೀರ್ಮಾನಿಸುವುದು ಬಾಡಿಗೆ ಮತ್ತು ಮಕ್ಕಳ ಆರೈಕೆ ಇವೆರಡೇ ಸಾಲುಗಳು. ದಿನಸಿಯ ಬೆಲೆಯಲ್ಲಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವಷ್ಟು ಬೆಲೆಯಿಲ್ಲ.

ಜೀವನ ವೆಚ್ಚದ ಸೂಚ್ಯಂಕಗಳನ್ನು ನೋಡಿ ಇಲ್ಲಿ ಎಡವುವವರು ಬಹಳ. ಸೂಚ್ಯಂಕ ತೋರಿಸುವುದು ಒಂದು ಸರಾಸರಿ ಕುಟುಂಬದ ಖರ್ಚನ್ನು. ಅದರ ಬಾಡಿಗೆಯ ಅಂಕಿಯಲ್ಲಿ ವರ್ಷಗಳ ಹಿಂದೆ ಕಡಿಮೆಗೆ ಮನೆ ಹಿಡಿದು ಕೂತವರೂ ಸೇರಿರಬಹುದು. ನಿಮಗೆ ಆ ದರ ಸಿಗುವುದಿಲ್ಲ, ಇಂದಿನ ಜಾಹೀರಾತಿನ ದರವೇ ಸಿಗುವುದು. ಹಾಗಾಗಿ ನೀವು ನಿಜವಾಗಿಯೂ ವಾಸಿಸಬಹುದಾದ ಬಡಾವಣೆಗಳಲ್ಲಿ, ನಿಮಗೆ ಬೇಕಾದ ಅಳತೆಯ ಹತ್ತು ಮನೆಗಳ ಬಾಡಿಗೆ ಬರೆದುಕೊಳ್ಳಿ. ತೀರಾ ಅಗ್ಗದ ಎರಡನ್ನೂ ತೀರಾ ದುಬಾರಿಯ ಎರಡನ್ನೂ ತೆಗೆದುಹಾಕಿ, ಉಳಿದ ಆರರ ಸರಾಸರಿ ಹಿಡಿಯಿರಿ. ತೀರಾ ಅಗ್ಗದ ಜಾಹೀರಾತುಗಳಲ್ಲಿ ಎಷ್ಟೋ ಸಲ ಮನೆಯೇ ಇರುವುದಿಲ್ಲ, ಇದ್ದರೂ ಏನೋ ಒಂದು ದೋಷ ಇದ್ದೇ ಇರುತ್ತದೆ.

ಸ್ಥಳಾಂತರದ ಖರ್ಚನ್ನೂ ಸೇರಿಸಬೇಕು: ಸಾಮಾನು ಸಾಗಣೆ, ಮನೆ ದಲ್ಲಾಳಿಯ ಶುಲ್ಕ, ಎರಡೂ ಕಡೆ ಬಾಡಿಗೆ ಕಟ್ಟುವ ಒಂದು ತಿಂಗಳು, ಹೊಸ ಮನೆಗೆ ಹೊಂದದೆ ಬದಲಿಸಬೇಕಾದ ಪೀಠೋಪಕರಣ. ಇದೆಲ್ಲವನ್ನೂ ಕೂಡಿಸಿ, ಮೂರು ವರ್ಷದ ತಿಂಗಳುಗಳ ಲೆಕ್ಕದಲ್ಲಿ 36ರಿಂದ ಭಾಗಿಸಿ, ಬಂದದ್ದನ್ನು ತಿಂಗಳ ಖರ್ಚಿಗೆ ಸೇರಿಸಿ. ಮನೆಯ ಮುಂಗಡ ವಾಪಸು ಬರುವ ಹಣವಾದ್ದರಿಂದ ಅದನ್ನು ಖರ್ಚಿಗೆ ಹಿಡಿಯಬೇಡಿ; ಆದರೆ ಅಷ್ಟು ಹಣ ಕೈಯಲ್ಲಿ ಇರಲೇಬೇಕು. ಆಪತ್ತಿಗೆಂದು ಇಡುವ ಮೂರರಿಂದ ಆರು ತಿಂಗಳ ಹಣವನ್ನು ಹೊಸ ನಗರದ ಖರ್ಚಿನ ಅಳತೆಯಲ್ಲಿ ಇಡಿ. ಹಳೆಯ ಊರಿನ ಆರು ತಿಂಗಳ ಹಣ ಅಲ್ಲಿ ನಾಲ್ಕೇ ತಿಂಗಳಿಗೆ ಮುಗಿದುಹೋಗಬಹುದು.

ಪ್ರಶ್ನೆ: ಕಚೇರಿಯ ಹತ್ತಿರ ಸಣ್ಣ ಮನೆಯೋ, ದೂರದಲ್ಲಿ ಅದೇ ಬಾಡಿಗೆಗೆ ದೊಡ್ಡ ಮನೆಯೋ? ಎಷ್ಟು ದೂರದವರೆಗೆ ಸರಿ?

ಉತ್ತರ: ನಮ್ಮ ಮತ ಹತ್ತಿರದ ಸಣ್ಣ ಮನೆಗೆ. ಜರ್ಮನಿಯ ಕುಟುಂಬಗಳ ಸಮೀಕ್ಷೆಯ ಮಾಹಿತಿಯನ್ನು ಅಧ್ಯಯನ ಮಾಡಿ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ 2008ರಲ್ಲಿ ಒಂದು ಲೇಖನ ಪ್ರಕಟಿಸಿದರು. ದೂರದಿಂದ ಕೆಲಸಕ್ಕೆ ಬರುವವರಿಗೆ ಒಳ್ಳೆಯ ಮನೆ ಅಥವಾ ಹೆಚ್ಚಿನ ಸಂಬಳದ ರೂಪದಲ್ಲಿ ಆ ಕಷ್ಟ ತುಂಬಿಬರುತ್ತದೆ ಎಂದು ಅರ್ಥಶಾಸ್ತ್ರದ ಸಿದ್ಧಾಂತ ಹೇಳುತ್ತದೆ. ಅವರಿಗೆ ಕಂಡದ್ದು ಬೇರೆಯೇ: ಪ್ರಯಾಣ ಉದ್ದವಾದಷ್ಟೂ ಜನರು ತಮ್ಮ ಬದುಕಿನ ಬಗ್ಗೆ ಹೇಳಿಕೊಳ್ಳುವ ತೃಪ್ತಿ ಕಡಿಮೆಯಾಗಿತ್ತು. ಮನೆ ಆರಿಸುವಾಗ ಕೋಣೆಗಳು ಕಣ್ಣಿಗೆ ಕಾಣುತ್ತವೆ, ದಿನಾ ರಸ್ತೆಯಲ್ಲಿ ಕಳೆಯುವ ಹೊತ್ತು ಕಾಣುವುದಿಲ್ಲ.

ಅದನ್ನು ಕಾಣುವಂತೆ ಮಾಡಿಕೊಳ್ಳಿ. ಒಂದು ಕಡೆಗೆ 45 ನಿಮಿಷವಾದರೆ ದಿನಕ್ಕೆ ಒಂದೂವರೆ ಗಂಟೆ. ವರ್ಷಕ್ಕೆ 230 ಕೆಲಸದ ದಿನ ಹಿಡಿದರೆ 345 ಗಂಟೆ, ಅಂದರೆ ಎಂಟು ಗಂಟೆಯ 43 ದಿನ. ದಿನದ ಒಟ್ಟು ಓಡಾಟಕ್ಕೆ ಮನುಷ್ಯ ಸರಾಸರಿ ಒಂದು ಗಂಟೆಯಷ್ಟನ್ನೇ ಕೊಡುತ್ತ ಬಂದಿದ್ದಾನೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದ್ದರು. ಬಾಗಿಲಿನಿಂದ ಬಾಗಿಲಿಗೆ ಒಂದು ಕಡೆಗೆ 30 ನಿಮಿಷ ಎಂಬುದು ಒಳ್ಳೆಯ ಗುರಿ. 45ನ್ನು ದಾಟಲು ಬಿಡಬೇಡಿ.

ಅಳೆಯುವಾಗ ಆಗುವ ತಪ್ಪು ಎಂದರೆ ರಜೆಯ ದಿನ ನಕ್ಷೆಯ ಆ್ಯಪ್ ತೆರೆದು ನೋಡುವುದು. ವಾರದ ನಡುವಿನ ಕೆಲಸದ ದಿನ, ನೀವು ಹೊರಡುವ ಹೊತ್ತನ್ನೇ ಕೊಟ್ಟು ನೋಡಿ. ಆ್ಯಪ್ ‘25ರಿಂದ 55 ನಿಮಿಷ’ ಎಂದರೆ 55 ಎಂದೇ ತಿಳಿಯಿರಿ, ಏಕೆಂದರೆ ತಡವಾಗಬಾರದೆಂದು ನೀವು ಆ ಲೆಕ್ಕದಲ್ಲೇ ಹೊರಡಬೇಕಾಗುತ್ತದೆ. ನಿಲ್ದಾಣಕ್ಕೆ ನಡೆಯುವ, ಕಾಯುವ, ಗಾಡಿ ಬದಲಿಸುವ ನಿಮಿಷಗಳೂ ಸೇರಲಿ. ಅರ್ಧ ಗಂಟೆಗೊಂದು ಬಸ್ ಇರುವ ಕಡೆ ಒಂದು ತಪ್ಪಿದರೆ ಆ ದಿನದ ಲೆಕ್ಕವೇ ತಲೆಕೆಳಗು.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಒಬ್ಬರಿಗೆ ಮಾತ್ರ ಹೊಸ ಊರಿನಲ್ಲಿ ಕೆಲಸ ಸಿಕ್ಕಿದೆ. ಹೋದಮೇಲೆ ಇನ್ನೊಬ್ಬರು ಹುಡುಕಿಕೊಂಡರಾಗದೇ?

ಉತ್ತರ: ಎರಡನೆಯವರ ವೃತ್ತಿಗೆ ಆ ಊರಿನಲ್ಲಿ ಎಷ್ಟು ಉದ್ಯೋಗದಾತರಿದ್ದಾರೆ ಎಂಬುದರ ಮೇಲೆ ನಿಂತಿದೆ. ಜಾಹೀರಾತುಗಳನ್ನು ಎಣಿಸಬೇಡಿ, ಸಂಸ್ಥೆಗಳನ್ನು ಎಣಿಸಿ. ಒಂದೇ ಸಂಸ್ಥೆ ಹಾಕಿದ ಇಪ್ಪತ್ತು ಜಾಹೀರಾತಿಗಿಂತ ಹತ್ತು ಸಂಸ್ಥೆಗಳ ಹತ್ತು ಜಾಹೀರಾತು ಮೇಲು. ಒಂದೇ ಬಗೆಯ ಉದ್ಯಮಗಳು ಒಂದೆಡೆ ನೆರೆದರೆ ಕೆಲಸ ಕೊಡುವವರೂ ಹುಡುಕುವವರೂ ಅಲ್ಲಿಗೇ ಬರುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ವಿವರಿಸಿದ್ದರು. ಇಡೀ ಊರು ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡಿದ್ದರೆ ಅದು ಕುಸಿದ ದಿನ ಕೆಲಸ ಹೋಗುತ್ತದೆ, ಅದರ ಬೆನ್ನಿಗೇ ಮನೆಯ ಬೆಲೆಯೂ ಬೀಳುತ್ತದೆ.

ಮೂರು ತಿಂಗಳ ಕಾಲ ವಾರಕ್ಕೊಮ್ಮೆ ಹೊಸ ಹುದ್ದೆಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ಎಂಟು ಹತ್ತು ಬೇರೆ ಬೇರೆ ಸಂಸ್ಥೆಗಳೂ ಕಾಣದಿದ್ದರೆ ಒಂದೇ ಸಂಬಳದಲ್ಲಿ ಒಂದು ವರ್ಷ ಬದುಕುವ ಲೆಕ್ಕ ಹಾಕಿ, ಅದು ಕೂಡಿಬಂದರೆ ಮಾತ್ರ ಹೊರಡಿ. ಶಿಕ್ಷಕರು, ನರ್ಸ್‌ಗಳು, ವೈದ್ಯರು, ವಕೀಲರು ಇನ್ನೊಂದು ವಿಷಯ ವಿಚಾರಿಸಬೇಕು. ರಾಜ್ಯ ಅಥವಾ ದೇಶ ಬದಲಾದರೆ ಈ ವೃತ್ತಿಗಳಲ್ಲಿ ಮರುನೋಂದಣಿ ಕೇಳುವುದುಂಟು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಅರ್ಜಿಯನ್ನು ಹೊರಡುವ ಮೊದಲೇ ಹಾಕಿ. ಓದಿದ ಕಾಲೇಜಿನ ಮೂಲ ದಾಖಲೆಗಳನ್ನು ಹಳೆಯ ಊರಿನಲ್ಲಿ ಇರುವಾಗ ತರಿಸಿಕೊಳ್ಳುವುದು ಸುಲಭ.

ಒಬ್ಬರ ಮುನ್ನಡೆಗಾಗಿ ಇನ್ನೊಬ್ಬರ ವೃತ್ತಿ ಸದ್ದಿಲ್ಲದೆ ನಿಂತುಹೋಗುವುದನ್ನು ‘ಹೊಂದಾಣಿಕೆ’ ಎಂದು ಕರೆದು ಮುಂದೆ ಸಾಗಬಾರದು. ಅದೂ ನಷ್ಟವೇ, ಅದನ್ನು ಅಂಕಿಯಲ್ಲಿ ಬರೆದು ಇಬ್ಬರೂ ನೋಡಬೇಕು.

ಪ್ರಶ್ನೆ: ನಿರ್ಧರಿಸುವ ಮೊದಲು ಊರನ್ನು ನೋಡಿ ಬರಲು ನಾಲ್ಕೇ ದಿನ ರಜೆ ಇದೆ. ಏನೇನು ನೋಡಬೇಕು?

ಉತ್ತರ: ನಾಲ್ಕರಲ್ಲಿ ಕನಿಷ್ಠ ಎರಡು ಕೆಲಸದ ದಿನಗಳಾಗಿರಲಿ. ಪ್ರವಾಸಿ ತಾಣಗಳನ್ನು ಬಿಟ್ಟುಬಿಡಿ. ಸಾಧ್ಯವಿದ್ದರೆ ಆ ಊರಿನ ಅತಿ ಕೆಟ್ಟ ಕಾಲದಲ್ಲೇ ಹೋಗಿ: ಕಡು ಬೇಸಿಗೆಯೋ, ಬಿಡದ ಮಳೆಯೋ, ಕೊರೆಯುವ ಚಳಿಯೋ. ಒಳ್ಳೆಯ ಹವೆಯಲ್ಲಿ ಎಲ್ಲ ಊರುಗಳೂ ಚೆನ್ನಾಗಿಯೇ ಇರುತ್ತವೆ.

ತಂಗುವುದು ನೀವು ಮನೆ ಹುಡುಕುವ ಬಡಾವಣೆಯಲ್ಲೇ ಆಗಲಿ. ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಜೊತೆಗೇ ಹೊರಟು ಕಚೇರಿಯ ಬಾಗಿಲವರೆಗೆ ಹೋಗಿ ಬನ್ನಿ, ಸಂಜೆಯೂ ಹಾಗೆಯೇ. ರಾತ್ರಿ ಹತ್ತರ ನಂತರ ಅದೇ ಬೀದಿಯಲ್ಲಿ ನಡೆದು ದೀಪಗಳಿವೆಯೇ, ಒಂಟಿಯಾಗಿ ಹೆಂಗಸರು ಓಡಾಡುತ್ತಿದ್ದಾರೆಯೇ ನೋಡಿ. ಸುರಕ್ಷತೆಯ ಬಗ್ಗೆ ಅಂಕಿಅಂಶಗಳಿಗಿಂತ ಇದು ಬೇಗ ತಿಳಿಸುತ್ತದೆ.

ಮನೆಯೊಳಗೆ ಹೋದಾಗ ಅಡುಗೆಮನೆಯ ಮತ್ತು ಬಚ್ಚಲಿನ ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿ. ಒಂದರ ಧಾರೆ ಸಣ್ಣಗಾದರೆ ನೀರಿನ ಒತ್ತಡ ಸಾಲದು. ಗೋಡೆಯ ಬುಡದಲ್ಲಿ ಒಂದೇ ಮಟ್ಟದ ಕಲೆ ಅಥವಾ ಉಬ್ಬಿದ ಬಣ್ಣ ಕಂಡರೆ ಮಳೆಗಾಲದಲ್ಲಿ ನೀರು ನುಗ್ಗಿದೆಯೇ ಎಂದು ಮಾಲೀಕರನ್ನಲ್ಲ, ಪಕ್ಕದ ಅಂಗಡಿಯವರನ್ನು ಕೇಳಿ. ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ ನಿಂತು ಫೋನ್ ಕರೆ ಮಾಡಿ. ಕಿಟಕಿ ತೆರೆದು ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ರಸ್ತೆಯ ಸದ್ದು ದಿನದ ಸರಾಸರಿಯಲ್ಲಿ 53 ಡೆಸಿಬೆಲ್‌ಗಿಂತ, ರಾತ್ರಿ 45ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಶಿಫಾರಸು ಮಾಡಿದೆ. ಫೋನಿನ ಆ್ಯಪ್ ಅಷ್ಟು ನಿಖರವಲ್ಲ, ಆದರೂ ಮಲಗುವ ಕೋಣೆಯ ಹೊರಗೆ ರಾತ್ರಿ 60 ತೋರಿಸಿದರೆ ಆ ಮನೆ ಬೇಡ.

ಹವೆಯನ್ನು ಹೋಗುವ ಮೊದಲೇ ದಾಖಲೆಗಳಲ್ಲಿ ನೋಡಬಹುದು. ವಾರ್ಷಿಕ ಸರಾಸರಿ ಉಷ್ಣಾಂಶ ನಂಬುವಂಥದ್ದಲ್ಲ: 10 ಮತ್ತು 40 ಡಿಗ್ರಿಯ ನಡುವೆ ತೂಗಾಡುವ ಊರಿಗೂ ಸದಾ 25ರ ಆಸುಪಾಸಿನಲ್ಲಿರುವ ಊರಿಗೂ ಸರಾಸರಿ ಒಂದೇ ಬರಬಹುದು. ತಿಂಗಳುವಾರು ರಾತ್ರಿಯ ಕನಿಷ್ಠ ಉಷ್ಣಾಂಶ ನೋಡಿ, ನಿದ್ದೆ ನಿಂತಿರುವುದು ಅದರ ಮೇಲೆ. ಸೆಖೆಗೆ ‘ಇಬ್ಬನಿ ಬಿಂದು’ವಿನ, ಅಂದರೆ ಗಾಳಿಯ ತೇವ ಹನಿಗಟ್ಟಲು ತೊಡಗುವ ಉಷ್ಣಾಂಶದ, ಅಂಕಿ ನೋಡಿ. ಅದು 24 ಡಿಗ್ರಿ ದಾಟಿದರೆ ಬೆವರು ಆರುವುದೇ ಕಷ್ಟ. ಎತ್ತರವೂ ಲೆಕ್ಕಕ್ಕಿದೆ, ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ತಂಪು. ಗಾಳಿಯಲ್ಲಿನ ಪಿಎಂ 2.5 ಎಂಬ ಅತಿ ಸಣ್ಣ ದೂಳಿನ ಕಣಗಳು ಘನ ಮೀಟರಿಗೆ ವರ್ಷದ ಸರಾಸರಿ 5 ಮೈಕ್ರೊಗ್ರಾಂ, ದಿನದ ಸರಾಸರಿ 15 ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಇದನ್ನು ಪಾಲಿಸುವ ನಗರಗಳು ವಿರಳ. ಹಾಗಾಗಿ ಎರಡು ನಗರಗಳನ್ನು ಹೋಲಿಸುವಾಗ ಅತಿ ಕೆಟ್ಟ ಎರಡು ತಿಂಗಳ ಅಂಕಿಯನ್ನು ಪಕ್ಕಪಕ್ಕ ಇಡಿ. ಮನೆಯಲ್ಲಿ ಉಬ್ಬಸದವರೋ ಎಳೆಯ ಮಕ್ಕಳೋ ಇದ್ದರೆ ಬೇರೆಲ್ಲದಕ್ಕಿಂತ ಮೊದಲು ಈ ಅಂಕಿಯೇ ತೀರ್ಮಾನಿಸಲಿ.

ಪ್ರಶ್ನೆ: ಸಂಬಳ ಹೇಗಿದ್ದರೂ ಪರವಾಗಿಲ್ಲ, ತಂಪು ಹವೆ, ಕಡಲತೀರ ಇರುವ ಊರಿಗೆ ಹೋದರೆ ನೆಮ್ಮದಿ ಸಿಗುತ್ತದೆ ಅನಿಸುತ್ತಿದೆ. ಸರಿಯೇ?

ಉತ್ತರ: 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರಾದ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್, ಹಿತವಾದ ಹವೆ, ಕಡಲತೀರ ಇರುವ ಕ್ಯಾಲಿಫೋರ್ನಿಯಾದ ಮತ್ತು ಅಮೆರಿಕದ ಮಧ್ಯಪಶ್ಚಿಮ ಭಾಗದ ವಿದ್ಯಾರ್ಥಿಗಳನ್ನು ಇದನ್ನೇ ಕೇಳಿದ್ದರು. ಕ್ಯಾಲಿಫೋರ್ನಿಯಾದವರು ಹೆಚ್ಚು ಸುಖಿಗಳೆಂದು ಎರಡೂ ಕಡೆಯವರು ಊಹಿಸಿದರು. ತಮ್ಮ ತಮ್ಮ ಬದುಕಿನ ತೃಪ್ತಿಯನ್ನು ಹೇಳುವಾಗ ಮಾತ್ರ ಕ್ಯಾಲಿಫೋರ್ನಿಯಾದವರಿಗೂ ಮಧ್ಯಪಶ್ಚಿಮದವರಿಗೂ ವ್ಯತ್ಯಾಸ ಕಾಣಲಿಲ್ಲ. ಕಡಲ ಬಗ್ಗೆ ಯೋಚಿಸುವಾಗ ಕಡಲೊಂದೇ ಕಾಣುತ್ತದೆ. ಕೆಲಸದ ದಿನ ಸಂಜೆ ಆರಕ್ಕೆ ನೀವು ಎಲ್ಲಿರುತ್ತೀರಿ, ತೀರಕ್ಕೆ ನಡೆದು ಹೋಗುವಷ್ಟು ಹತ್ತಿರ ಬಾಡಿಗೆ ಕೊಡಬಲ್ಲಿರಾ, ಎಂದು ಕೇಳಿಕೊಳ್ಳಿ. ಹೌದಾದರೆ ಹೋಗಿ, ಆ ಆಸೆಯಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ಮನೆಯಿಂದಲೇ ಕೆಲಸ ಮಾಡುವವರು ಯಾವ ಊರಿಗೆ ಬೇಕಾದರೂ ಹೋಗಬಹುದಲ್ಲವೇ?

ಉತ್ತರ: ಮೊದಲು ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆಯಿರಿ. ಊರು ಬದಲಾದರೆ ಸಂಬಳ ಇಳಿಸುವ ಷರತ್ತು ಇದೆಯೇ, ಕಚೇರಿಗೆ ಮರಳಿ ಕರೆದರೆ ಎಷ್ಟು ದಿನದ ಕಾಲಾವಕಾಶ, ಎರಡೂ ಅದರಲ್ಲಿ ಇರಲಿ. ದೇಶವೇ ಬದಲಾಗುವುದಾದರೆ ತೆರಿಗೆಯ ಪ್ರಶ್ನೆ ಏಳುತ್ತದೆ. ಅನೇಕ ದೇಶಗಳಲ್ಲಿ ವರ್ಷಕ್ಕೆ 183 ದಿನ ಇದ್ದವರನ್ನು ತೆರಿಗೆಯ ಮಟ್ಟಿಗೆ ನಿವಾಸಿಯೆಂದು ಎಣಿಸುತ್ತಾರೆ, ಕೆಲವೆಡೆ ಅದಕ್ಕಿಂತ ಕಡಿಮೆ ದಿನಗಳೂ ಸಾಕು. ಸಹೋದ್ಯೋಗಿಗಳ ಜೊತೆ ಎದ್ದಿರುವ ಹೊತ್ತು ದಿನಕ್ಕೆ ನಾಲ್ಕು ಗಂಟೆಯಾದರೂ ಕೂಡಿಬರದಿದ್ದರೆ ರಾತ್ರಿ ಸಭೆಗಳು ತಪ್ಪವು.

ಇಂಟರ್ನೆಟ್ಟಿನಲ್ಲಿ ಡೌನ್‌ಲೋಡ್ ವೇಗವನ್ನಷ್ಟೇ ನೋಡಿ ಮೋಸಹೋಗುತ್ತಾರೆ. ವಿಡಿಯೊ ಕರೆಯಲ್ಲಿ ನಿಮ್ಮ ಮುಖ, ಮಾತು ಆಚೆ ಹೋಗುವುದು ಅಪ್‌ಲೋಡಿನಲ್ಲಿ. ಸ್ಪಷ್ಟ ಕರೆಗೆ ಸೆಕೆಂಡಿಗೆ 4 ಮೆಗಾಬಿಟ್ ನಿರಂತರ ಸಿಗಬೇಕು, ಮನೆಯಲ್ಲಿ ಇಬ್ಬರಿದ್ದರೆ ಅದರ ಎರಡರಷ್ಟು. ಅಕ್ಕಪಕ್ಕದವರೆಲ್ಲ ಮನೆಯಲ್ಲಿರುವ ರಾತ್ರಿ ಎಂಟರ ಹೊತ್ತಿಗೆ ಪರೀಕ್ಷಿಸಿ. ಒಂದು ತಂತಿಯ ಸಂಪರ್ಕ, ಅದು ಕೈಕೊಟ್ಟಾಗ ಬೇರೆ ಕಂಪನಿಯ ಮೊಬೈಲ್ ಸಂಪರ್ಕ, ಎರಡೂ ಬೇಕು.

ಪ್ರಶ್ನೆ: ಹೊಸ ಊರಿಗೆ ಬಂದು ಆರು ತಿಂಗಳಾಯಿತು. ಮನಸ್ಸು ನಿಲ್ಲುತ್ತಿಲ್ಲ. ವಾಪಸು ಹೋಗಿಬಿಡಲೇ?

ಉತ್ತರ: ಬೇಸರ ಊರಿನದೋ ಮನೆಯದೋ ಕೆಲಸದ್ದೋ ಎಂದು ಮೊದಲು ಬೇರ್ಪಡಿಸಿ. ಎರಡು ವಾರ ದಿನಾ ರಾತ್ರಿ, ಆ ದಿನ ಅತಿ ಹೆಚ್ಚು ಕಾಡಿದ ಒಂದು ಸಂಗತಿಯನ್ನು ಬರೆದಿಡಿ. ಪ್ರಯಾಣ, ಸದ್ದು, ನೀರು ಎಂದೇ ಹೆಚ್ಚು ಸಲ ಬಂದರೆ ಬಡಾವಣೆ ಬದಲಿಸಿದರೆ ಸಾಕು. ಮೇಲಧಿಕಾರಿಯ ಹೆಸರೇ ಬಂದರೆ ಅದೇ ಊರಿನಲ್ಲಿ ಬೇರೆ ಕೆಲಸ ನೋಡಿ.

ಒಂಟಿತನವೆಂದು ಬಂದರೆ ಆರು ತಿಂಗಳು ತೀರ ಕಡಿಮೆ. ಪರಿಚಿತರು ಸಾಧಾರಣ ಗೆಳೆಯರಾಗಲು ಜೊತೆಯಾಗಿ ಸುಮಾರು 50 ಗಂಟೆ, ಗೆಳೆಯರೆನಿಸಲು 90, ಆಪ್ತರಾಗಲು 200ಕ್ಕೂ ಹೆಚ್ಚು ಗಂಟೆ ಬೇಕೆಂದು ಅಮೆರಿಕದ ಸಂವಹನ ವಿದ್ವಾಂಸ ಜೆಫ್ರಿ ಹಾಲ್ 2018ರ ಅಧ್ಯಯನದಲ್ಲಿ ಅಂದಾಜಿಸಿದ್ದಾರೆ. ವಾರಕ್ಕೆ ಎರಡು ಗಂಟೆ ಸಿಕ್ಕರೆ 50 ಗಂಟೆಗೇ ಆರು ತಿಂಗಳು ಬೇಕು. ಅದೇ ಜನ ಪ್ರತಿ ವಾರ ಸೇರುವ ಜಾಗಕ್ಕೆ ಹೋಗಿ: ಆಟದ ಮೈದಾನ, ಸಂಗೀತದ ತರಗತಿ, ಸ್ವಯಂಸೇವೆ, ಯಾವುದಾದರೂ ಒಂದು. ಪ್ರತಿ ಸಲ ಹೊಸ ಮುಖಗಳಿರುವ ಕಾರ್ಯಕ್ರಮಗಳಲ್ಲಿ ಈ ಗಂಟೆಗಳು ಕೂಡುವುದೇ ಇಲ್ಲ.

ಊರಿನ ಎಲ್ಲ ಋತುಗಳನ್ನೂ ಒಮ್ಮೆ ಕಾಣುವವರೆಗೆ, ಅಂದರೆ ಒಂದು ವರ್ಷ, ತೀರ್ಮಾನವನ್ನು ತಡೆಹಿಡಿಯಿರಿ. ಆದರೆ ನಿದ್ದೆ, ಊಟ ಕೆಟ್ಟು ದೇಹ ಇಳಿಯುತ್ತಿದ್ದರೆ ವರ್ಷಕ್ಕೆ ಕಾಯದೆ ವೈದ್ಯರನ್ನು ಕಾಣಿ. ವರ್ಷ ತುಂಬುವವರೆಗೆ ಹಳೆಯ ಕೆಲಸದವರ ಸಂಪರ್ಕ ಬಿಡಬೇಡಿ, ಹೊಸ ಊರಿನಲ್ಲಿ ಮನೆ ಕೊಳ್ಳಬೇಡಿ. ಬಾಡಿಗೆ ಕರಾರು ಮುಗಿಯುವ ದಿನ ಮತ್ತು ಅದಕ್ಕೆ ಎಷ್ಟು ಮುಂಚೆ ನೋಟಿಸ್ ಕೊಡಬೇಕು ಎಂಬ ದಿನ, ಇವೆರಡನ್ನೂ ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೋಟಿಸಿನ ದಿನಕ್ಕೆ ಒಂದು ತಿಂಗಳ ಮುಂಚೆ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಳ್ಳಿ.