ಸ್ಕ್ಯಾನ್ ರಿಪೋರ್ಟ್ ಬದಿಗಿಡಿ, ಕ್ಯಾಲೆಂಡರ್ ತನ್ನಿ

ಪ್ರಶ್ನೆ: ಮಗಳಿಗೆ 17 ವರ್ಷ. ದೊಡ್ಡವಳಾಗಿ 4 ವರ್ಷವಾಯಿತು. ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದೆವು. ಅಂಡಾಶಯದಲ್ಲಿ ನೀರುಗುಳ್ಳೆ, ಪಿಸಿಓಡಿ ಎಂದು ಬರೆದಿದ್ದಾರೆ. ಆಪರೇಷನ್ ಬೇಕಾ?
– ಒಬ್ಬ ತಾಯಿ, ಉಡುಪಿ

ಉತ್ತರ: ಬೇಡ. ಈ ಪ್ರಶ್ನೆ ಓದಿ ಓದಿ ನನಗೆ ಸಾಕಾಗಿದೆ. ರಿಪೋರ್ಟಿನ ಪ್ರತಿ ಸಾಲನ್ನೂ ಬರೆದು ಕಳಿಸುತ್ತೀರಿ, ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುತ್ತದೆ ಎಂಬುದು ಮಾತ್ರ ಪತ್ರದಲ್ಲಿ ಎಲ್ಲೂ ಇರುವುದಿಲ್ಲ!

ಅವು ತೆಗೆದುಹಾಕುವಂಥ ಗುಳ್ಳೆಗಳಲ್ಲ. ಅಂಡ ಬೆಳೆಯುವ ಪುಟ್ಟ ಚೀಲಗಳು ಅರ್ಧ ಬೆಳೆದು ನಿಂತಿರುವುದು, ಒಂದೊಂದೂ 2ರಿಂದ 9 ಮಿಲಿಮೀಟರ್. ಹದಿಹರೆಯದಲ್ಲಿ ಆರೋಗ್ಯವಂತ ಹುಡುಗಿಯರಿಗೂ ಹೀಗೆ ಕಾಣುವುದುಂಟು. ಅದಕ್ಕೇ ಮೊದಲ ಮುಟ್ಟಾಗಿ 8 ವರ್ಷ ತುಂಬುವವರೆಗೆ ಸ್ಕ್ಯಾನ್ ನೋಡಿ ಪಿಸಿಓಎಸ್ (ನಿಮ್ಮ ರಿಪೋರ್ಟಿನ ಪಿಸಿಓಡಿ ಇದೇ, ಅಂಡ ಸರಿಯಾಗಿ ಬಿಡುಗಡೆಯಾಗದ ಹಾರ್ಮೋನ್ ತೊಂದರೆ) ಎನ್ನಬಾರದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಈ ವಯಸ್ಸಿನಲ್ಲಿ ಆ ಹೆಸರಿಡಲು ಎರಡು ವಿಷಯ ಒಟ್ಟಿಗೆ ಇರಬೇಕು. ಒಂದು, ಮುಟ್ಟಿನ ಏರುಪೇರು: 21 ದಿನದ ಒಳಗೆ ಅಥವಾ 35 ದಿನ ದಾಟಿ ಬರುವುದು, ಇಲ್ಲವೇ ವರ್ಷಕ್ಕೆ 8ಕ್ಕಿಂತ ಕಡಿಮೆ. ಇನ್ನೊಂದು, ಗಂಡು ಹಾರ್ಮೋನ್ ಜಾಸ್ತಿಯಾದ ಗುರುತು: ಗಲ್ಲದ ಮೇಲೆ ದಪ್ಪ ಕೂದಲು, ಜೋರು ಮೊಡವೆ, ಅಥವಾ ರಕ್ತದಲ್ಲೇ ಟೆಸ್ಟೊಸ್ಟೆರಾನ್ ಹೆಚ್ಚು. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ನೋಡದೆ ಹೆಸರಿಡುವುದು ಆತುರ. ಹೆಸರು ಖಚಿತವಾದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯನ್ನೂ ಬಿಡಬೇಡಿ. ತೆಳ್ಳಗಿದ್ದಾಳೆ ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ.

ನನಗೆ ಭಯ ಗುಳ್ಳೆಯದ್ದಲ್ಲ. 'ನಾಲ್ಕು ತಿಂಗಳಿಂದ ಮುಟ್ಟಿಲ್ಲ, ಪರೀಕ್ಷೆ ಸಮಯ, ಆರಾಮಾಯ್ತು' ಎನ್ನುವವರದ್ದು. ಅಂಡ ಬಿಡುಗಡೆಯಾಗದೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರಿನ ಅಪಾಯ ಏರುತ್ತದೆ. 90 ದಿನ ದಾಟಿತೆಂದರೆ ಬನ್ನಿ. ಹಾರ್ಮೋನ್ ಮಾತ್ರೆ ಕೊಟ್ಟರೆ ಬಂಜೆತನ ಬರುವುದಿಲ್ಲ. ಆದರೆ ಮೈಗ್ರೇನ್, ಬಿಪಿ ಇದೆಯಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ ಎಂದು ಕೇಳದೆ ನಾನು ಬರೆಯುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ?

ಮದುವೆ ಮಾಡಿಸಿದರೆ ಸರಿಹೋಗುತ್ತದಾ? (ಸುರತ್ಕಲ್)
ಇಲ್ಲ. ಗಂಡ ಔಷಧಿಯಲ್ಲ.

ಕುಚ್ಚಲಕ್ಕಿ ಬಿಟ್ಟು ಚಪಾತಿ ತಿನ್ನಲಾ? (ಕಾಪು)
ಯಾಕೆ? ಅನ್ನ ಸ್ವಲ್ಪ ಕಮ್ಮಿ ಮಾಡಿ, ಬಂಗುಡೆ, ಹೆಸರುಕಾಳು, ಬಸಳೆ ಜಾಸ್ತಿ ಮಾಡಿ. ಸಂಜೆಯ ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಂ ಲೆಕ್ಕಕ್ಕೇ ಇಲ್ಲ, ಅಲ್ವಾ? ತೂಕ ಹೆಚ್ಚಿದ್ದವರು ಶೇಕಡ 5 ಇಳಿಸಿದರೂ ಎಷ್ಟೋ ಜನರಿಗೆ ಮುಟ್ಟು ಹಳಿಗೆ ಬರುತ್ತದೆ. 70 ಕಿಲೋ ಇದ್ದರೆ ಮೂರೂವರೆ ಕಿಲೋ, ಅಷ್ಟೇ. ಆಟಿಯ ಮಳೆ ನೆಪ ಬೇಡ, ಚಾವಡಿಯಲ್ಲೇ ನಡೆಯಿರಿ.

90 ದಿನದಲ್ಲಿ ಬೇರುಸಹಿತ ಗುಣ ಎನ್ನುವ ಪುಡಿ? (ಮಂಗಳೂರು)
ಹತೋಟಿಯಲ್ಲಿಡುವ ತೊಂದರೆ ಇದು. ಬೇರು ಕೀಳುತ್ತೇನೆ ಎನ್ನುವವನು ಸುಳ್ಳ. ಪೊಟ್ಟಣದ ಫೋಟೋ ಸುಮ್ನೆ ನನಗೆ ಕಳಿಸಬೇಡಿ.

ಮಕ್ಕಳಾಗುತ್ತದಾ? (ಮಣಿಪಾಲ)
ಹೆಚ್ಚಿನವರಿಗೆ ಆಗುತ್ತದೆ. ಅಂಡ ಬಿಡುಗಡೆಯಾಗಲು ಮೊದಲು ಕೊಡುವುದು ಲೆಟ್ರೊಜೋಲ್ ಮಾತ್ರೆ, ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಬಹಳ ದೂರದ ಮಾತು. ಆದರೆ ಮುಟ್ಟೇ ಸರಿಯಿಲ್ಲದಿದ್ದರೆ ವರ್ಷ ಕಾಯಬೇಡಿ, ಮಗು ಬೇಕೆನಿಸಿದಾಗಲೇ ಬನ್ನಿ. ಗಂಡನ ವೀರ್ಯ ಪರೀಕ್ಷೆಯೂ ಅದೇ ವಾರ ಆಗಲಿ.