ಮೇಲ್ ಕಡಿಮೆ ಇದ್ದರೂ ಜಿಮೇಲ್ ತುಂಬಿದ್ದೇಕೆ?

ಇನ್‌ಬಾಕ್ಸ್‌ನಲ್ಲಿ ಹೆಚ್ಚು ಮೇಲ್ ಇಲ್ಲದಿದ್ದರೂ 15 ಜಿಬಿ ತುಂಬಿದೆ ಅಂತ ಬರ್ತಿದೆ, ಹೊಸ ಖಾತೆ ತೆರೀಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಆ 15 ಜಿಬಿ ಬರೀ ಮೇಲ್‌ಗಲ್ಲ. ಫೈಲ್ ಇಡೋ ಗೂಗಲ್ ಡ್ರೈವ್, ಗೂಗಲ್ ಫೋಟೋಸ್ ಎಲ್ಲಾ ಸೇರಿ ಅಷ್ಟು. 2021ರ ಜೂನ್‌ನಿಂದ ಬ್ಯಾಕಪ್ ಆದ ಫೋಟೋಗಳೂ ಸಾಮಾನ್ಯವಾಗಿ ಆ ಲೆಕ್ಕಕ್ಕೇ ಬರುತ್ತವೆ. ನಿಮ್ಮ ಜಾಗ ತಿಂದಿರೋದು ಬಹುಶಃ ಅವೇ.

ಮೊದಲು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಹುಡುಕಾಟದ ಪೆಟ್ಟಿಗೆಯ ಬಲತುದಿಯ ಗುರುತು ಒತ್ತಿ, ಗಾತ್ರ 10 ಎಂಬಿಗಿಂತ ಹೆಚ್ಚು ಅಂತ ಕೊಡಿ. ನನಗೆ ಹಾಗೆ ಸಿಕ್ಕಿದ್ದು ಒಂದೇ ವಿಡಿಯೋ ಇದ್ದ ನಾಲ್ಕು ಮೇಲ್, ಎಲ್ಲಾ ನಾನೇ ಕಳಿಸಿದ್ದು! ಕಳಿಸಿದ ಮೇಲ್ ಕೂಡ ಜಾಗ ಹಿಡಿಯುತ್ತೆ, ಇದನ್ನ ತುಂಬಾ ಜನ ಮರೀತಾರೆ. ಅಳಿಸಿದ ಮೇಲೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಇಲ್ಲದಿದ್ದರೆ 30 ದಿನ ಅಲ್ಲೇ ಕೂತು ಜಾಗ ತಿನ್ನುತ್ತೆ.

ದಯವಿಟ್ಟು ತಡ ಮಾಡಬೇಡಿ, ಪೂರ್ತಿ ತುಂಬಿದರೆ ಹೊಸ ಮೇಲ್ ಬರೋದೇ ನಿಲ್ಲುತ್ತೆ. ಇಷ್ಟಾದರೂ ಸಾಲದಿದ್ದರೆ ಮೈಕ್ರೋಸಾಫ್ಟ್‌ನ ಮೇಲ್ ಸೇವೆ ಔಟ್‌ಲುಕ್ ನೋಡಿ, ಅಲ್ಲಿ ಉಚಿತ ಖಾತೆಯ ಮೇಲ್‌ಗೇ ಬೇರೆಯಾಗಿ 15 ಜಿಬಿ ಇದೆ.

ಅಂದಹಾಗೆ, ಜಿಮೇಲ್‌ನಲ್ಲಿ ಮೇಲ್ ಜೊತೆ ಕಳಿಸೋ ಫೈಲ್‌ಗೆ 25 ಎಂಬಿ ಮಿತಿ ಇದ್ದರೂ 20 ಎಂಬಿ ಫೈಲ್ ಕೆಲವೊಮ್ಮೆ ಹೋಗಲ್ಲ. ಮೇಲ್‌ನಲ್ಲಿ ಸಾಗುವಾಗ ಫೈಲ್ ಮೂರನೇ ಒಂದು ಭಾಗದಷ್ಟು ಉಬ್ಬುತ್ತೆ. ದೊಡ್ಡದಿದ್ದರೆ ಡ್ರೈವ್‌ಗೆ ಹಾಕಿ ಅದರ ಲಿಂಕ್ ಕಳಿಸಿ.