ಆ ಡೀಸೆಲ್ ಗಾಡಿ ತಗೊಳ್ಳುವ ಮುಂಚೆ ಆಯಿಲ್ ಕಡ್ಡಿ ನೋಡಿ

2021ರ ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್‌ಯುವಿ ಸಿಕ್ಕಿದೆ, ದಿನಾ ಧಾರವಾಡ-ಹುಬ್ಬಳ್ಳಿ ಓಡಾಟ, ಭಾನುವಾರ ಗದಗ ಕಡೆ ಹೊಲಕ್ಕೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಖಂಡಿತ ತಗೊಳ್ಳಬಹುದು. ಆದರೆ ಹಿಂದಿನವರು ಅದನ್ನು ಎಲ್ಲಿ ಓಡಿಸಿದ್ದಾರೆ ಅನ್ನುವುದು ಮುಖ್ಯ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಅದು ಆಗಾಗ ಬಿಸಿಯೇರಿ ಮಸಿ ಸುಟ್ಟುಕೊಳ್ಳಬೇಕು. ಅದಕ್ಕೆ ನಿಲ್ಲದ ಓಟ ಬೇಕು. ನಿಮ್ಮ ಸುಮಾರು 20 ಕಿ.ಮೀ. ದಾರಿಯಲ್ಲಿ, ಅದರಲ್ಲೂ ಬೈಪಾಸ್ ಹಿಡಿದರೆ, ಅದು ಸಿಗುತ್ತದೆ. ಬರೀ ಹುಬ್ಬಳ್ಳಿ ಪೇಟೆಯೊಳಗೆ ಕೊಪ್ಪೀಕರ್ ರಸ್ತೆ, ದುರ್ಗದಬೈಲ್ ಸುತ್ತಿದ ಗಾಡಿಯಾದರೆ ಯೋಚಿಸಿ. ಎಂಜಿನ್ ತಣ್ಣಗಿದ್ದಾಗ ಆಯಿಲ್ ಕಡ್ಡಿ ಎಳೆದು ನೋಡಿ. ಎಣ್ಣೆ ಮೇಲಿನ ಗುರುತು ದಾಟಿದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆದರೆ ಬಿಟ್ಟುಬಿಡಿ. ಮಸಿ ಸುಡುವ ಕೆಲಸ ಪದೇ ಪದೇ ಅರ್ಧಕ್ಕೇ ನಿಂತರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ.

ಇನ್ನು ಹೊಲ. ಎರೆ ಮಣ್ಣು ಅಲ್ವಾ! ಮಳೆ ಬಿದ್ದರೆ ನಾಲ್ಕೂ ಚಕ್ರಕ್ಕೆ ಎಳೆತ ಇರುವ ಫೋರ್ ಬೈ ಫೋರ್ ಗಾಡಿ ಕೂಡ ಜಾರುತ್ತದೆ, ಅದಕ್ಕಂತ ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ. ಡಾಂಬರಿನ ಮೇಲೇ ನಿಲ್ಲಿಸಿ ನಡೆದು ಹೋಗಿ. ಚಕ್ರದ ರಿಮ್ ಒಳಗೆ ಮೆತ್ತಿದ ಮಣ್ಣನ್ನು ಮಾತ್ರ ಅವತ್ತೇ ತೊಳೆಯಿರಿ. ಒಂದೇ ಕಡೆ ಒಣಗಿದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ.

ಸರ್ವಿಸ್ ದಾಖಲೆ ಸಿಕ್ಕರೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.